ಗದಿಗೆಪ್ಪನ ಬಲ ಮೊಣಕಾಲು

ಗದಿಗೆಪ್ಪನ ಬಲ ಮೊಣಕಾಲು ಮೊದಲ ಸಲ ಹಿಡಿದುಕೊಂಡದ್ದು ೧೯೫೬ರ ಜೂನಿನ ಒಂದು ಮಂಗಳವಾರ ಬೆಳಿಗ್ಗೆ, ಬೈಕುಲ್ಲಾ ಸೇತುವೆಯ ಇಳಿಜಾರಿನಲ್ಲಿ. ಆಗ ಅವನ ಟ್ರಾಮಿನ ಎರಡೂ ಅಂತಸ್ತಿನಲ್ಲಿ ಆಫೀಸಿಗೆ ಹೊರಟವರು ಕಿಕ್ಕಿರಿದಿದ್ದರು.

ಅವನು ದಾದರ್‌ನಿಂದ ಬೋರಿಬಂದರಕ್ಕೆ ಹೋಗಿಬರುವ ಟ್ರಾಮಿನ ಡ್ರೈವರ್. ಟ್ರಾಮಿನ ಡ್ರೈವರನಿಗೆ ಕೂತುಕೊಳ್ಳಲು ಜಾಗವಿರುವುದಿಲ್ಲ. ಎಂಟು ತಾಸು ಮುಂಭಾಗದಲ್ಲಿ ನಿಂತೇ ಇರಬೇಕು. ಎಡಗೈ ಕರೆಂಟು ಬಿಡುವ ಹಿತ್ತಾಳೆ ಹಿಡಿಕೆಯ ಮೇಲೆ, ಬಲಗೈ ಬ್ರೇಕಿನ ಮೇಲೆ, ಬಲಗಾಲು ನೆಲದಿಂದ ಮೇಲೆದ್ದ ಒಂದು ಕಬ್ಬಿಣದ ಗುಂಡಿಯ ಮೇಲೆ. ಆ ಗುಂಡಿ ತುಳಿದರೆ ಅಡಿಯಲ್ಲಿ ಗಂಟೆ ಬಾರಿಸುತ್ತದೆ. ಮುಂಬಯಿಯ ಜನ ಟ್ರಾಮನ್ನು ನೋಡಿ ಸರಿಯುವವರಲ್ಲ, ಗಂಟೆ ಕೇಳಿ ಸರಿಯುವವರು. ಹಾಗಾಗಿ ಡ್ರೈವರನ ಕೈಗಿಂತ ಕಾಲೇ ಹೆಚ್ಚು ಕೆಲಸ ಮಾಡುತ್ತದೆ ಎಂದು ಡಿಪೊದಲ್ಲಿ ಹಳಬರು ಹೇಳುತ್ತಿದ್ದರು.

ಸೇತುವೆ ಇಳಿಯುತ್ತ ಅವನು ಗುಂಡಿ ತುಳಿದ. ತುಳಿದ ಕಾಲು ಮೇಲಕ್ಕೆ ಬರಲಿಲ್ಲ. ಮೊಣಕಾಲ ಚಿಪ್ಪಿನ ಒಳಬದಿಯಲ್ಲಿ ಕಾದ ದಬ್ಬಣ ತೂರಿಸಿದಂತೆ ನೋವು ಎದ್ದು ತೊಡೆಯವರೆಗೆ ಹರಿಯಿತು. ಕಣ್ಣು ಕತ್ತಲೆ ಬಂತು. ಕೆಳಗೆ ಗಂಟೆ ಒಂದೇ ಸಮನೆ ಬಾರಿಸುತ್ತಿತ್ತು. ಮುಂದೆ ಹೋಗುತ್ತಿದ್ದ ಕುದುರೆ ಗಾಡಿಯವನು ತಿರುಗಿ ನೋಡಿ ಬೈದ. ಮೇಲಿನ ಅಂತಸ್ತಿನಲ್ಲಿ ಯಾರೋ ನಕ್ಕರು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಒಳಗೆ ಏನೋ ಟಕ್ಕೆಂದು ಜಾರಿತು, ಕಾಲು ಸಡಿಲವಾಯಿತು, ನೋವು ಬಂದಂತೆಯೇ ಹೊರಟುಹೋಯಿತು. ಮುಂದಿನ ಸ್ಟಾಪಿನಲ್ಲಿ ಟ್ರಾಮ್ ನಿಲ್ಲಿಸಿದಾಗ ಗದಿಗೆಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಂಡಕ್ಟರ್ ಮುರಿಗೆಪ್ಪ ಹಿಂದಿನಿಂದ ಬಂದು ಇಣುಕಿ, ಗಂಟೆಗೇನು ಹುಚ್ಚು ಹಿಡಿಯಿತೇ ಎಂದು ಕೇಳಿದ. ಗದಿಗೆಪ್ಪ ಗುಂಡಿ ಸಿಕ್ಕಿಕೊಂಡಿತ್ತು ಎಂದ. ಅದು ಅವನು ಆ ಕಾಲಿಗಾಗಿ ಹೇಳಿದ ಮೊದಲ ಸುಳ್ಳು.

ಆ ಕಾಲಿಗೆ ಒಂದು ಹಳೆಯ ಪೆಟ್ಟು ಇತ್ತು. ಬೈಲಹೊಂಗಲದ ಕಡೆಯ ಹಳ್ಳಿಯಿಂದ ಇಪ್ಪತ್ತೊಂದನೇ ವಯಸ್ಸಿಗೆ ಮುಂಬಯಿಗೆ ಬಂದ ಗದಿಗೆಪ್ಪ ಮೊದಲು ಟ್ರಾಮಿನಲ್ಲಿ ಕಂಡಕ್ಟರನಾಗಿದ್ದ. ೧೯೪೪ರ ಏಪ್ರಿಲಿನಲ್ಲಿ, ಬಂದರಿನಲ್ಲಿ ಸಿಡಿಮದ್ದಿನ ಹಡಗು ಸಿಡಿದ ದಿನ, ಅವನ ಟ್ರಾಮ್ ಮಸ್ಜಿದ್ ಬಂದರದ ಹತ್ತಿರ ನಿಂತಿತ್ತು. ಮೊದಲ ಸಿಡಿತಕ್ಕೆ ಕಿಟಕಿಯ ಗಾಜುಗಳೆಲ್ಲ ಪುಡಿಯಾಗಿ ಜನ ಒಬ್ಬರ ಮೇಲೊಬ್ಬರು ಹಾರಿಕೊಂಡು ಓಡಿದರು. ಅವನು ಓಡಲಿಲ್ಲ. ಟಿಕೆಟಿನ ಚೀಲ ಕೊರಳಲ್ಲಿದ್ದಂತೆಯೇ ಒಬ್ಬ ಮುದುಕಿಯನ್ನು ಎತ್ತಿಕೊಂಡು ಗೋಡೆಯೊಂದರ ಮರೆಗೆ ಕೂರಿಸಿ ಬಂದ. ಇನ್ನೊಬ್ಬರನ್ನು ತರಲು ಹೋದಾಗ ಎರಡನೆಯದು ಸಿಡಿಯಿತು. ಆಕಾಶದಿಂದ ತಗಡು, ಕಟ್ಟಿಗೆ, ಉರಿಯುವ ಅರಳೆ ಸುರಿಯಿತು. ಮೊಣಕಾಲಿಗೆ ನಾಯಿ ಬಾಯಿ ಹಾಕಿದಂತಾಯಿತು. ನೋಡಿದರೆ ಪ್ಯಾಂಟು ಹರಿದು ರಕ್ತ ಇಳಿಯುತ್ತಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ನೂರಾರು ಜನ ಬಿದ್ದಿದ್ದರು. ಕೈ ಹೋದವರು, ಕಣ್ಣು ಹೋದವರು. ಅವನ ಸರದಿ ಬಂದಾಗ ದಣಿದ ಒಬ್ಬ ಡಾಕ್ಟರ್ ಗಾಯದಿಂದ ಹೆಬ್ಬೆರಳ ಉಗುರಿನಷ್ಟು ತಗಡು ಕಿತ್ತು ತೆಗೆದು, ಕಂಡದ್ದನ್ನೆಲ್ಲ ತೊಳೆದು, ಹೊಲಿಗೆ ಹಾಕಿ, ನಿನ್ನ ಅದೃಷ್ಟ ದೊಡ್ಡದು ಎಂದು ಕಳಿಸಿಕೊಟ್ಟ. ಒಂದು ತಿಂಗಳು ಕೀವು ಸೋರಿತು. ಆಮೇಲೆ ಗಾಯ ಮುಚ್ಚಿಕೊಂಡಿತು. ಹುಣಿಸೆ ಬೀಜದಷ್ಟು ಕಪ್ಪು ಕಲೆಯೊಂದು ಉಳಿಯಿತು. ಆಮೇಲಿನ ಹನ್ನೆರಡು ವರ್ಷ ಆ ಕಾಲು ಒಂದು ದಿನವೂ ತನ್ನ ಇರವನ್ನು ನೆನಪಿಸಲಿಲ್ಲ. ಅವನು ಡ್ರೈವರನಾದ, ಮಲ್ಲವ್ವನನ್ನು ಮದುವೆಯಾಗಿ ಬೈಕುಲ್ಲಾದ ವಠಾರದಂಥ ಚಾಳೊಂದರ ಮೂರನೇ ಮಾಳಿಗೆಯಲ್ಲಿ ಸಂಸಾರ ಹೂಡಿದ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ, ಪ್ರತಿದಿನ ಎರಡು ಕೊಡ ನೀರನ್ನು ಕೆಳಗಿನ ನಲ್ಲಿಯಿಂದ ಮೇಲಕ್ಕೆ ಹೊತ್ತ. ಹಾಗಾಗಿ ಈಗ ಬಂದ ನೋವಿಗೂ ಆಗಿನ ಗಾಯಕ್ಕೂ ನಂಟು ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆದಾಗ ಅದನ್ನು ನಂಬಲು ಅವನು ಒಪ್ಪಲಿಲ್ಲ.

ಎರಡನೇ ಸಲ ಎಂಟು ದಿನದ ಮೇಲೆ ಹಿಡಿಯಿತು, ಚಾಳಿನ ಮೆಟ್ಟಿಲ ಮೇಲೆ. ಕೈಯಲ್ಲಿದ್ದ ಕೊಡ ಉರುಳಿ ಕೆಳಗಿನ ಮಾಳಿಗೆಯವರೆಗೂ ಸದ್ದು ಮಾಡುತ್ತ ಹೋಯಿತು. ಮೂರನೇ ಸಲ ಊಟಕ್ಕೆ ಕೂತು ಏಳುವಾಗ. ಹೀಗೆ ಹೇಳದೆ ಕೇಳದೆ ಬರುತ್ತಿತ್ತು. ಹೆದರಿಕೆಯಾಗುತ್ತಿದ್ದದ್ದು ನೋವಿಗಲ್ಲ, ಅದು ಇಲ್ಲದ ಹೊತ್ತಿಗೆ. ನಾಲ್ಕು ದಿನ ಏನೂ ಇಲ್ಲದೆ ಕಾಲು ಹಗುರವಾಗಿದ್ದರೆ ಅವನ ಜೀವ ಇನ್ನಷ್ಟು ಮುದುಡುತ್ತಿತ್ತು. ಒಳಗೆ ಯಾರೋ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎನ್ನಿಸುತ್ತಿತ್ತು.

ಮಲ್ಲವ್ವ ಅದನ್ನು ವಾಯು ಎಂದಳು. ಆಲೂಗಡ್ಡೆ, ಬಟಾಣಿ ನಿಲ್ಲಿಸಿದಳು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಿಕ್ಕಿದಳು. ಮುರಿಗೆಪ್ಪ ಗದಿಗೆಪ್ಪನಿಗಿಂತ ಹತ್ತು ವರ್ಷ ಹಿರಿಯ, ಅದೇ ಕಡೆಯವನು, ಗದಿಗೆಪ್ಪನನ್ನು ಟ್ರಾಮ್ ಕಂಪನಿಗೆ ಸೇರಿಸಿದವನೂ ಅವನೇ. ನಿಂತು ನಿಂತು ಎಲ್ಲ ಡ್ರೈವರುಗಳ ಕಾಲೂ ಹೀಗೆಯೇ ಆಗುತ್ತದೆ, ಮಳೆಗಾಲ ಕಳೆದರೆ ಸರಿಹೋಗುತ್ತದೆ ಎಂದು ಅವನು ಸಮಾಧಾನ ಹೇಳಿದ. ಪಕ್ಕದ ಖೋಲಿಯ ಗಂಗುಬಾಯಿ ಮಾತ್ರ ಸಮಾಧಾನ ಹೇಳುವ ಹೆಂಗಸಲ್ಲ. ಆಕೆ ರತ್ನಾಗಿರಿಯ ಕಡೆಯವಳು, ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಹದಿನೈದು ವರ್ಷ ಕಳೆದವಳು. ಅವಳ ಮೈದುನನಿಗೂ ಹೀಗೆಯೇ ಆಗಿತ್ತಂತೆ. ಹುಡುಗನಾಗಿದ್ದಾಗ ಮರದಿಂದ ಬಿದ್ದು ಪೆಟ್ಟಾದ ಮೊಣಕಾಲು, ಇಪ್ಪತ್ತೈದನೇ ವಯಸ್ಸಿಗೆ ನೋಯತೊಡಗಿತು. ಎಲ್ಲರೂ ವಾಯು ಎಂದರು. ಎಲುಬಿನಲ್ಲಿ ಕ್ಷಯ ಕೂತಿತ್ತು. ಗೊತ್ತಾಗುವಷ್ಟರಲ್ಲಿ ತಡವಾಗಿ ತೊಡೆಯಿಂದ ಕೆಳಗೆ ಕತ್ತರಿಸಿದರು. ಕತ್ತರಿಸಿದರೂ ಅವನು ಉಳಿಯಲಿಲ್ಲ. ಇಷ್ಟನ್ನು ಅಕ್ಕಿ ಆರಿಸುತ್ತ ಹೇಳಿ ಮುಗಿಸಿ, ಒಂದು ಫೋಟೋ ತೆಗೆಸು, ಒಳಗಿನ ಎಲುಬಿನ ಫೋಟೋ, ಎಂದಳು. ಆಕೆ ಹೋದ ಮೇಲೆ ಮಲ್ಲವ್ವ ಕಾಯಿಸುತ್ತಿದ್ದ ಎಣ್ಣೆಯನ್ನು ಒಲೆಯಿಂದ ಇಳಿಸಿದಳು.

"ಫೋಟೋ ತಗಸ್ರಿ," ಎಂದಳು. "ಆಕಿ ಸುಳ್ಳ ಹೇಳೂ ಹೆಂಗ್ಸಲ್ಲ."

"ಫೋಟೋ ತಗಸಿದ್ರ ಕಂಪನಿಗೆ ಗೊತ್ತಾಕ್ಕತಿ," ಎಂದ ಗದಿಗೆಪ್ಪ. "ಕಾಲ ನೆಟ್ಟಗಿಲ್ಲದವನ ಕೈಯಾಗ ಯಾರರ ಹಿಡಿಕಿ ಕೊಡ್ತಾರೇನ?"

ಅವನ ಹೆದರಿಕೆ ಅಷ್ಟೇ ಆಗಿರಲಿಲ್ಲ. ನೋಡದೆ ಇರುವತನಕ ಅದು ವಾಯುವೂ ಆಗಿರಬಹುದು, ಮಳೆಗಾಲದ ಥಂಡಿಯೂ ಆಗಿರಬಹುದು. ನೋಡಿದರೆ ಅದಕ್ಕೆ ಒಂದು ಹೆಸರು ಬರುತ್ತದೆ. ಗಂಗುಬಾಯಿ ಹೇಳಿದ ಹೆಸರೇ ಬಂದರೆ?

ಡಾಕ್ಟರನ ಬದಲು ಅವನು ಬೈಕುಲ್ಲಾ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ, ಎಲುಬು ಕೂಡಿಸುವ ಮುದುಕನೊಬ್ಬನ ಹತ್ತಿರ ಹೋದ. ಮುದುಕ ಕಲೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಗದಿಗೆಪ್ಪನ ಬಾಯಿಂದ ತಾನಾಗಿಯೇ ಸದ್ದು ಹೊರಟಿತು. ನರ ಹೊರಳಿದೆ, ಏಳು ದಿನದಲ್ಲಿ ಕೂಡಿಸುತ್ತೇನೆ ಎಂದ ಮುದುಕ, ಬಿಸಿ ಎಣ್ಣೆ ಸುರಿದು ಬಲವಾಗಿ ತಿಕ್ಕಿ, ಕಾಯಿಸಿದ ಇಟ್ಟಿಗೆಯಿಂದ ಶಾಖ ಕೊಟ್ಟು, ಬಟ್ಟೆ ಬಿಗಿದು ಕಳಿಸಿದ. ಮೂರು ದಿನ ಹಾಯೆನಿಸಿತು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದರೆ ಮೊಣಕಾಲು ಬದನೆಕಾಯಿಯ ಹಾಗೆ ಊದಿ ಮಿರಮಿರನೆ ಮಿಂಚುತ್ತಿತ್ತು. ಮುಟ್ಟಿದರೆ ಒಲೆಯ ಬದಿ ಮುಟ್ಟಿದಷ್ಟು ಬಿಸಿ. ಸಂಜೆಯ ಹೊತ್ತಿಗೆ ಮೈ ಸುಡತೊಡಗಿತು. ಹನ್ನೆರಡು ವರ್ಷ ಕಪ್ಪಾಗಿದ್ದ ಕಲೆ ಕೆಂಪಾಗಿತ್ತು. ಆಗ ಮೊದಲ ಬಾರಿ ಅವನಿಗೆ ಬಂದರಿನ ಆ ದಿನ, ಆಕಾಶದಿಂದ ಸುರಿದ ತಗಡು ನೆನಪಾಯಿತು. ಡಾಕ್ಟರ್ ತೆಗೆದದ್ದು ಒಂದು ಚೂರು. ಹೊಕ್ಕದ್ದು ಎಷ್ಟು ಎಂದು ಯಾರಿಗೆ ಗೊತ್ತು?

ಎರಡು ದಿನ ರಜೆ ಹಾಕಿ ಮಲಗಿದ. ಊತ ಅರ್ಧ ಇಳಿಯಿತು. ಆ ವರ್ಷ ಭಾಷಾವಾರು ಪ್ರಾಂತಗಳ ಗಲಾಟೆಯಲ್ಲಿ ಮೆರವಣಿಗೆ ಬಂದಾಗಲೆಲ್ಲ ಟ್ರಾಮುಗಳು ದಾರಿಯಲ್ಲೇ ನಿಂತುಬಿಡುತ್ತಿದ್ದವು. ಆಗ ಬೇರೆ ಡ್ರೈವರುಗಳು ಗೊಣಗಿದರೆ, ಗದಿಗೆಪ್ಪ ಕಟಕಟೆಗೆ ಒರಗಿ ಬಲಗಾಲನ್ನು ಗಾಳಿಯಲ್ಲಿ ಎತ್ತಿಹಿಡಿದು ದೇವರಿಗೆ ಕೈಮುಗಿಯುತ್ತಿದ್ದ. ಗಂಟೆಯನ್ನು ಎಡಗಾಲಿನಿಂದ ತುಳಿಯುವುದನ್ನೂ ಅಭ್ಯಾಸ ಮಾಡಿದ. ಹಾಗೆ ತುಳಿಯಬೇಕಾದರೆ ಮೈಯ ಭಾರವೆಲ್ಲ ನೋಯುವ ಕಾಲಿನ ಮೇಲೆ ಬೀಳುತ್ತಿತ್ತು. ಆದರೂ ಹೇಗೋ ದಿನಗಳು ಸಾಗಿದವು. ಅವನ ಮುಖ ಕಪ್ಪಿಟ್ಟಿತು. ದಾದರ್‌ನಲ್ಲಿ ಟ್ರಾಮ್ ತಿರುಗಲು ನಿಂತಾಗ ಒಮ್ಮೆ ಮುರಿಗೆಪ್ಪ ಬಂದು ಅವನ ಪ್ಯಾಂಟನ್ನು ಮೇಲಕ್ಕೆ ಸರಿಸಿ ನೋಡಿದ. ನೋಡಿದವನು ಪ್ಯಾಂಟನ್ನು ಮತ್ತೆ ಕೆಳಗೆ ಬಿಟ್ಟ. ಗದಿಗೆಪ್ಪ ದಸರೆಗೆ ಊರಿಗೆ ಹೋಗಿ ಒಂದು ತಿಂಗಳು ಕಾಲು ಚಾಚಿ ಮಲಗುವುದೆಂದು ಇಬ್ಬರೂ ಗೊತ್ತುಮಾಡಿದರು. ದಸರೆಗೆ ಇನ್ನು ಮೂರು ವಾರ ಇತ್ತು.

ಸೆಪ್ಟೆಂಬರಿನ ಇಪ್ಪತ್ತರ ಸುಮಾರಿಗೆ, ಹಗಲು ಹನ್ನೊಂದು ಗಂಟೆಗೆ, ಪರೇಲಿನ ಹತ್ತಿರದ ಲಾಲಬಾಗಿನಲ್ಲಿ ಅದು ನಡೆಯಿತು. ಮಳೆ ಬಂದು ನಿಂತು ಹಳಿ ಹೊಳೆಯುತ್ತಿತ್ತು. ಎಡಗಡೆಯ ಗಲ್ಲಿಯಿಂದ ಈರುಳ್ಳಿ ಮೂಟೆ ಹೇರಿದ ಕೈಗಾಡಿಯೊಂದು ಹಿಂದುಹಿಂದಾಗಿ ರಸ್ತೆಗೆ ಬಂತು. ಎಳೆಯುತ್ತಿದ್ದ ಹಮಾಲನ ಬೆನ್ನು ಟ್ರಾಮಿನ ಕಡೆಗಿತ್ತು. ಅವನು ಗಾಡಿಯನ್ನು ಹಳಿಯ ಸಂದಿನಿಂದ ದಾಟಿಸಲು ಜಗ್ಗುತ್ತಿದ್ದ. ಗದಿಗೆಪ್ಪ ನಲವತ್ತು ಮಾರು ದೂರದಿಂದಲೇ ನೋಡಿದ. ಗಂಟೆ ಬಾರಿಸಿದರೆ ಸಾಕು, ಸರಿಯುತ್ತಾನೆ. ಎಡಗಾಲೆತ್ತಿ ಗುಂಡಿಯ ಮೇಲಿಡಲು ಭಾರವನ್ನು ಬಲಗಾಲಿಗೆ ಕೊಟ್ಟ.

ಬಲಗಾಲು ಅಲ್ಲಿ ಇರಲಿಲ್ಲ. ಹಾಗೆಯೇ ಅನ್ನಿಸಿತು ಅವನಿಗೆ. ಮೊಣಕಾಲು ಮುರಿದ ಕೀಲಿನಂತೆ ಕುಸಿದು ಅವನು ಹಿಡಿಕೆಗೆ ಜೋತುಬಿದ್ದ. ಎದ್ದು ನಿಲ್ಲುವಷ್ಟರಲ್ಲಿ ಕಾಲು ಅರ್ಧ ಮಡಚಿದಲ್ಲೇ ಹಿಡಿದುಕೊಂಡಿತ್ತು. ಗಂಟೆಯ ಗುಂಡಿ ಒಂದು ಗೇಣು ಆಚೆ ಕಾಣುತ್ತಿತ್ತು, ಕಾಲು ಅಲ್ಲಿಗೆ ಹೋಗಲಿಲ್ಲ. ಕೂಗಿದ. ಟ್ರಾಮಿನ ಸದ್ದಿನಲ್ಲಿ ಕೂಗು ಅವನಿಗೇ ಕೇಳಿಸಲಿಲ್ಲ. ಎರಡೂ ಕೈಯಿಂದ ಬ್ರೇಕು ತಿರುಗಿಸಿದ. ಗಾಲಿಗಳು ಒದ್ದೆ ಹಳಿಯ ಮೇಲೆ ಚೀರುತ್ತ ಜಾರಿದವು. ಹಮಾಲ ಕೊನೆಯ ಗಳಿಗೆಯಲ್ಲಿ ತಿರುಗಿ ನೋಡಿದ. ಆ ಮುಖ ಗದಿಗೆಪ್ಪನಿಗೆ ಆಮೇಲೆ ಎಷ್ಟೋ ದಿನ ಕಣ್ಣು ಮುಚ್ಚಿದರೆ ಸಾಕು ಕಾಣುತ್ತಿತ್ತು. ಅದರಲ್ಲಿ ಹೆದರಿಕೆ ಇರಲಿಲ್ಲ, ಬರೀ ಆಶ್ಚರ್ಯವಿತ್ತು.

ಟ್ರಾಮ್ ನಿಂತಾಗ ಕೈಗಾಡಿ ಅಡ್ಡಬಿದ್ದು ಈರುಳ್ಳಿ ರಸ್ತೆ ತುಂಬ ಉರುಳುತ್ತಿತ್ತು. ಹಮಾಲನ ಜೀವ ಹೋಗಿರಲಿಲ್ಲ. ಗಾಡಿಯ ಮರಕ್ಕೂ ಟ್ರಾಮಿನ ಮುಂಭಾಗಕ್ಕೂ ನಡುವೆ ಅವನ ಎಡ ಮೊಣಕಾಲು ಸಿಕ್ಕಿತ್ತು. ಜನ ಅವನನ್ನು ಎಳೆದು ಪಕ್ಕಕ್ಕೆ ಮಲಗಿಸಿದರು. ಸುಮಾರು ಮೂವತ್ತೈದರ ಆಳು, ಸಾತಾರೆಯ ಕಡೆಯವನು, ಹೆಸರು ಧೋಂಡಿಬಾ. ಅವನು ಚೀರಲಿಲ್ಲ, ಬೈಯಲಿಲ್ಲ. ತನ್ನ ಕಾಲನ್ನೇ ನೋಡುತ್ತ, ಪಕ್ಕದವರಿಗೆ ವಿಷಯ ತಿಳಿಸುವವನಂತೆ ಮೆಲ್ಲಗೆ, "ಘಂಟಾ ನಾಹೀ ವಾಜಲೀ," ಎಂದ. ಗಂಟೆ ಬಾರಿಸಲಿಲ್ಲ. ಗಾಡಿಯಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯುವತನಕ ಅದೇ ಮಾತನ್ನು ನಾಲ್ಕಾರು ಸಲ ಹೇಳಿದ.

ಗದಿಗೆಪ್ಪನನ್ನು ಟ್ರಾಮಿನಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು. ನೋಡಿದವರು ಅವನು ಹೆದರಿದ್ದಾನೆ ಎಂದುಕೊಂಡರು.

ವಿಚಾರಣೆ ಮಾರನೆಯ ದಿನ ಡಿಪೊದಲ್ಲಿ ಎಂದು ಗೊತ್ತಾಯಿತು. ಅದಕ್ಕೆ ಹೋಗುವ ಮುಂಚೆ ಮುರಿಗೆಪ್ಪ ಅವನನ್ನು ಹೊರಗಿನ ಚಹಾ ಅಂಗಡಿಯ ಮೂಲೆಗೆ ಕರೆದುಕೊಂಡು ಹೋಗಿ ಕೂರಿಸಿದ.

"ತಮ್ಮಾ, ಗಂಟಿ ಬಾರಿಸಿದ್ದಿ ನೀ," ಎಂದ. "ನಾ ಕೇಳೇನಿ. ಒಂದಲ್ಲ, ನಾಕ ಸಲ. ಹಂಗಂತ ಬರಸ್ತೀನಿ. ಒಳಗಿದ್ದ ಮಂದಿ ಯಾರೂ ಲಕ್ಷ ಕೊಟ್ಟ ಕೇಳಿರೂದಿಲ್ಲ. ರಸ್ತೆ ಒದ್ದಿ ಇತ್ತು, ಅವ ಹಿಂದಮುಂದ ನೋಡದ ಬಂದ. ಮುಗೀತು."

"ಅವ ಹೇಳಾಕತ್ತಿದ್ದ ಅಣ್ಣಾ, ಗಂಟಿ ಬಾರಿಸಲಿಲ್ಲ ಅಂತ."

"ಹಮಾಲನ ಮಾತ ಯಾರ ಕೇಳ್ತಾರ?"

ಗದಿಗೆಪ್ಪ ಚಹಾ ಮುಟ್ಟಲಿಲ್ಲ. ಮುರಿಗೆಪ್ಪ ಅವನಿಗೆ ಅಣ್ಣನಿದ್ದಂತೆ. ಅವನು ಹೇಳಿದ್ದೆಲ್ಲ ಒಲವಿನಿಂದ ಹೇಳಿದ್ದು, ಅದರಂತೆ ನಡೆಯುವುದೂ ಸುಲಭ. ಆದರೆ ಗಂಟೆ ಬಾರಿಸಿತೆಂದು ಕಾಗದದ ಮೇಲೆ ಬರೆದರೆ ತಪ್ಪೆಲ್ಲ ಧೋಂಡಿಬಾನದಾಗುತ್ತದೆ. ಅವನಿಗೆ ಯಾರೂ ಏನೂ ಕೊಡಬೇಕಾಗಿಲ್ಲ. ಮತ್ತೆ ಇನ್ನೊಂದು ಮಾತಿತ್ತು, ಅದು ಮುರಿಗೆಪ್ಪನಿಗೆ ಹೊಳೆದಿರಲಿಲ್ಲ. ಸುಳ್ಳು ನಿಂತರೆ ಗದಿಗೆಪ್ಪ ಮರುದಿನ ಮತ್ತೆ ಅದೇ ಹಿಡಿಕೆ ಹಿಡಿದು, ಅದೇ ಕಾಲಿನ ಮೇಲೆ ನಿಂತು, ಅದೇ ಲಾಲಬಾಗನ್ನು ದಾಟಬೇಕು.

ವಿಚಾರಣೆಯಲ್ಲಿ ಸಾಹೇಬ ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆಗೇ ಅವನು ಗಂಟೆ ಬಾರಿಸಲಿಲ್ಲ ಎಂದ. ಯಾಕೆ ಎಂದು ಕೇಳಿದ್ದಕ್ಕೆ ಪ್ಯಾಂಟನ್ನು ಮೊಣಕಾಲ ಮೇಲಕ್ಕೆ ಏರಿಸಿದ. ಕಾಗದ ಬರೆಯುತ್ತಿದ್ದ ಕಾರಕೂನ ಮುಖ ತಿರುಗಿಸಿಕೊಂಡ. ಎಷ್ಟು ದಿನದಿಂದ ಹೀಗಿದೆ ಎಂದು ಸಾಹೇಬ ಕೇಳಿದ. ಜೂನಿನಿಂದ ಎಂದ ಗದಿಗೆಪ್ಪ. ಬಾಗಿಲ ಹತ್ತಿರ ನಿಂತಿದ್ದ ಮುರಿಗೆಪ್ಪ ತಲೆ ತಗ್ಗಿಸಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಟ್ರಾಮಿನಿಂದ ಬಿಚ್ಚಿ ಡ್ರೈವರನೇ ಇಟ್ಟುಕೊಳ್ಳುವ ಹಿತ್ತಾಳೆಯ ಹಿಡಿಕೆಯನ್ನು ಅವನು ಮೇಜಿನ ಮೇಲಿಟ್ಟು ಸಹಿ ಹಾಕಿದ. ಕಾಲು ಏನೆಂದು ಡಾಕ್ಟರು ಹೇಳುವವರೆಗೆ ಕೆಲಸಕ್ಕೆ ಬರಬೇಡ ಎಂದರು.

ಗಂಗುಬಾಯಿಯೇ ಅವನನ್ನು ತಾನು ಕೆಲಸ ಮಾಡುವ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಎಲುಬಿನ ಡಾಕ್ಟರ್ ಬಿಜೂರ್ ಎಂಬವರು ಕುಂದಾಪುರದ ಕಡೆಯವರು, ಕನ್ನಡ ಬಲ್ಲವರು. ಕನ್ನಡ ಕೇಳಿ ಮಲ್ಲವ್ವನಿಗೆ ಅರ್ಧ ಜೀವ ಬಂತು. ಡಾಕ್ಟರು ಕಾಲನ್ನು ಮುಟ್ಟುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಹಳೆಯ ಗಾಯದಲ್ಲಿ ಕೀವು ಆಗಿತ್ತೇ, ಎಷ್ಟು ದಿನ? ಸಂಜೆ ಜ್ವರ ಬರುತ್ತದೆಯೇ? ನೋವು ರಾತ್ರಿ ಮಲಗಿದಾಗ ಹೆಚ್ಚೋ, ನಡೆದಾಗ ಹೆಚ್ಚೋ? ಮೈ ಇಳಿದಿದೆಯೇ? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ? ಎಲುಬು ಕೂಡಿಸುವವನ ಸುದ್ದಿ ಬಂದಾಗ ಅವರ ಹುಬ್ಬು ಗಂಟಿಕ್ಕಿತು. ಆದರೆ ಬೈಯಲಿಲ್ಲ. ಎಕ್ಸ್‌ರೇ ತೆಗೆಸಿ, ಮೂರನೆಯ ದಿನ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಹನ್ನೆರಡು ವರ್ಷ ಸುಮ್ಮನಿದ್ದದ್ದು ಈಗ ಯಾಕೆ ನೋಯಬೇಕು ಅಂತ ನಿಮ್ಮ ಪ್ರಶ್ನೆ ಅಲ್ವಾ?" ಎಂದರು. "ಪೆಟ್ಟು ಹೋಗಿರ್ಲಿಲ್ಲ ಮಾರಾಯ್ರೆ. ಚರ್ಮ ಮಾತ್ರ ಮುಚ್ಚಿಕೊಂಡಿತ್ತು."

ಅವರು ಬೆರಳಿನಿಂದ ತೋರಿಸುತ್ತ ಹೋದರು. ಎರಡು ಎಲುಬು ಕೂಡುವಲ್ಲಿ ನುಣುಪಾದ ಒಂದು ಮೆತ್ತೆ ಇರುತ್ತದೆ. ಪೆಟ್ಟು ಬಿದ್ದ ದಿನ ಅದಕ್ಕೆ ಗಾಯವಾಗಿದ್ದರೆ ಆಮೇಲೆ ನಿಂತ ಒಂದೊಂದು ದಿನವೂ ಅದನ್ನು ಸವೆಸುತ್ತದೆ. ಸವೆದು ಸವೆದು ಒಂದು ದಿನ ಅದರ ಅಡಿಯ ಎಲುಬಿನ ಚೂರು ಎದ್ದು ಬರುತ್ತದೆ. ಆ ಚೂರು ಕೀಲಿನಲ್ಲಿ ತೇಲುತ್ತ, ಬಾಗಿಲ ಸಂದಿಗೆ ಸಿಕ್ಕ ಕಲ್ಲಿನ ಹಾಗೆ, ಸಿಕ್ಕಿದಾಗ ಕಾಲನ್ನು ಹಿಡಿದುಹಾಕುತ್ತದೆ, ಜಾರಿದಾಗ ಬಿಡುತ್ತದೆ. ಗದಿಗೆಪ್ಪನ ಕಾಲಿನಲ್ಲಿ ಅಂಥದೊಂದು ಕಾಣುತ್ತಿತ್ತು, ಅವರೆಕಾಳಿನಷ್ಟು. ಅದು ಅವರಿಗೆ ಚಿಂತೆಯ ವಿಷಯವಾಗಿರಲಿಲ್ಲ. ಅದರ ಕೆಳಗೆ, ಎಲುಬಿನ ಒಳಗೇ, ಸೂಜಿಯ ಮುರುಕಿನಂಥ ಬಿಳಿಯ ಗೀಟೊಂದಿತ್ತು. ಅದು ಬಂದರಿನ ಕಬ್ಬಿಣ. ಗೀಟಿನ ಸುತ್ತ ಎಲುಬು ಕರಗಿ ಒಂದು ಕಪ್ಪು ಕಲೆ.

"ಈ ಕಪ್ಪು ಏನು ಅಂತ ನಾನೀಗ ಹೇಳಲಾರೆ," ಎಂದರು ಡಾಕ್ಟರ್. "ಹಳೇ ಕೀವಿನ ಕ್ರಿಮಿ ಒಳಗೆ ಮಲಗಿದ್ದು ಎದ್ದಿರ್ಬಹುದು. ಕ್ಷಯ ಇರ್ಬಹುದು, ಪೆಟ್ಟು ತಿಂದ ಕೀಲಲ್ಲಿ ಅದು ಬಂದು ಕೂತ್ಕೊಳ್ತದೆ. ಇನ್ನೊಂದು ಇದೆ, ಅದರ ಹೆಸರು ಈಗ ಬೇಡ. ತೆರೆದು ನೋಡ್ಬೇಕು."

ಮಲ್ಲವ್ವ ಕಾಲು ಉಳಿಯುತ್ತದೆಯೇ ಎಂದು ಕೇಳಿದಳು. ಡಾಕ್ಟರ್ ಎಕ್ಸ್‌ರೇಯನ್ನು ಲಕೋಟೆಗೆ ಹಾಕುತ್ತ, ತೆರೆದು ನೋಡಿದ ಮೇಲೆ ಹೇಳುತ್ತೇನೆ ಎಂದರು.

ಆಪರೇಷನ್ ಆದ ದಿನ ಕಬ್ಬಿಣದ ಚೂರನ್ನೂ ಎಲುಬಿನ ಚೂರನ್ನೂ ತೆಗೆದರು, ಕಪ್ಪಿದ್ದಲ್ಲಿ ಕೆರೆದು ಕೀವು ಹೊರಗೆ ಹಾಕಿದರು. ಕೆರೆದದ್ದನ್ನು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಗದಿಗೆಪ್ಪ ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರಿನಲ್ಲಿ ಬಿದ್ದುಕೊಂಡು, ಹೊದಿಕೆಯ ಅಡಿಯಲ್ಲಿ ಎದ್ದು ಕಾಣುವ ಎರಡು ಪಾದಗಳನ್ನು ನೋಡುತ್ತಿದ್ದ. ಎದುರು ಸಾಲಿನಲ್ಲಿ ಒಬ್ಬನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ದಿನಕ್ಕೆರಡು ಸಲ ಪೆನಿಸಿಲಿನ್ ಸೂಜಿ ಚುಚ್ಚುತ್ತಿದ್ದರು. ಡಾಕ್ಟರ್ ಬಂದಾಗ ಅವನು ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ, ಕಾಗದ ಇದೆಯೋ ಎಂದು.

ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಧೋಂಡಿಬಾ ಇದ್ದಾನೆಂದು ಹೇಳಿದವಳೂ ಗಂಗುಬಾಯಿಯೇ. ಮೊಣಕಾಲ ಚಿಪ್ಪು ಎರಡು ಹೋಳಾಗಿತ್ತು, ತಂತಿ ಹಾಕಿ ಕಟ್ಟಿದ್ದರು. ಗದಿಗೆಪ್ಪ ನಿಜ ಹೇಳಿದ್ದರಿಂದ ಅವನಿಗೆ ಪರಿಹಾರ ಮಂಜೂರಾಗಿತ್ತು. ಮಲ್ಲವ್ವ ಅವನಿಗೂ ಒಂದು ಡಬ್ಬಿ ಊಟ ಒಯ್ಯತೊಡಗಿದಳು. ಧೋಂಡಿಬಾ ಮೊದಲ ದಿನ ತೆಗೆದುಕೊಳ್ಳಲಿಲ್ಲ. ಎರಡನೇ ದಿನ ಡಬ್ಬಿ ಮಾತ್ರ ತೆಗೆದುಕೊಂಡ. ವಾರದ ಮೇಲೆ, ನಿನ್ನ ಗಂಡನ ಕಾಲು ಹೇಗಿದೆ ಎಂದು ಕೇಳಿದ.

ಹನ್ನೊಂದನೆಯ ದಿನ ಡಾಕ್ಟರ್ ಕೈಯಲ್ಲಿ ಕಾಗದವಿತ್ತು. ಕ್ಷಯ ಅಲ್ಲ. ಹೆಸರು ಹೇಳದ ಆ ಇನ್ನೊಂದೂ ಅಲ್ಲ. ಹಳೆಯ ಕೀವೇ. ಗದಿಗೆಪ್ಪ ಹಾಗಾದರೆ ವಾಸಿಯಾಯಿತೇ ಎಂದು ಕೇಳಿದ.

"ಕ್ರಿಮಿ ಎದ್ದಿತ್ತು, ಮತ್ತೆ ಮಲಗಿಸಿದ್ದೇನೆ," ಎಂದರು ಡಾಕ್ಟರ್ ಬಿಜೂರ್. "ಸತ್ತಿದೆ ಅಂತ ಹೇಳಲಾರೆ. ಐದು ವರ್ಷ ಸುಮ್ಮನಿರ್ಬಹುದು, ಇಪ್ಪತ್ತು ವರ್ಷ ಇರ್ಬಹುದು. ಕೆಂಪಾದ್ರೆ, ಬಿಸಿಯಾದ್ರೆ ಅದೇ ದಿನ ಬರ್ಬೇಕು. ತಿಕ್ಕುವವರ ಹತ್ತಿರ ಹೋಗ್ಬೇಡಿ."

ಡ್ರೈವರನ ಕೆಲಸಕ್ಕೆ ಅವನು ಮರಳಲಿಲ್ಲ. ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಮರುವರ್ಷ ಫೆಬ್ರವರಿಯಿಂದ ಅವನನ್ನು ದಾದರ್‌ನಲ್ಲಿ ಹಳಿ ಕೂಡುವ ಜಾಗದಲ್ಲಿ ನಿಲ್ಲಿಸಿದರು. ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ಬರುವ ಟ್ರಾಮ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಹಳಿಯ ತುದಿಯನ್ನು ಸರಿಸುವುದು. ಕೂರಲು ಒಂದು ಸ್ಟೂಲು ಇತ್ತು. ಮುರಿಗೆಪ್ಪ ಹೊಸ ಡ್ರೈವರನ ಟ್ರಾಮಿನಲ್ಲಿ ಹಾದುಹೋಗುವಾಗ ಕೈ ಎತ್ತುತ್ತಿದ್ದ. ಸ್ನಾನ ಮಾಡುವಾಗ ಗದಿಗೆಪ್ಪ ಪ್ರತಿದಿನ ಮೊದಲು ಆ ಕಾಲನ್ನು ನೋಡುತ್ತಿದ್ದ. ಅಂಗೈಯನ್ನು ಎಡ ಮೊಣಕಾಲ ಮೇಲಿಟ್ಟು, ಆಮೇಲೆ ಬಲದ ಮೇಲಿಟ್ಟು, ಯಾವುದು ಹೆಚ್ಚು ಬಿಸಿ ಎಂದು ಅಳೆಯುತ್ತಿದ್ದ. ಕೆಲವು ದಿನ ಬಲಗಡೆಯದು ತುಸು ಬಿಸಿ ಎನಿಸುತ್ತಿತ್ತು. ಮಲ್ಲವ್ವನನ್ನು ಕರೆದು ಅವಳ ಕೈಯನ್ನೂ ಇಡಿಸುತ್ತಿದ್ದ. ಅವಳು ಎರಡೂ ಒಂದೇ ಸಮ ಇವೆ ಎನ್ನುತ್ತಿದ್ದಳು. ನಿಜವಾಗಿ ಹಾಗಿತ್ತೋ, ಅವನಿಗಾಗಿ ಹೇಳುತ್ತಿದ್ದಳೋ ಅವನಿಗೆ ಗೊತ್ತಾಗುತ್ತಿರಲಿಲ್ಲ.

೧೯೫೮ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೈಗಾಡಿಯೊಂದು ಅವನ ಸ್ಟೂಲಿನ ಹತ್ತಿರ ಬಂದು ನಿಂತಿತು. ಎಳೆಯುತ್ತಿದ್ದವನು ಧೋಂಡಿಬಾ. ಮೈ ತುಂಬಿಕೊಂಡಿದ್ದ, ನಡಿಗೆಯಲ್ಲಿ ಕುಂಟೇ ಇರಲಿಲ್ಲ. ಗದಿಗೆಪ್ಪ ಕಾಲು ಹೇಗಿದೆ ಎಂದು ಕೇಳಿದ್ದಕ್ಕೆ ಅವನು ಗಾಡಿ ಬಿಟ್ಟು, ಎರಡು ಕೈಯನ್ನೂ ಮುಂದೆ ಚಾಚಿ, ರಸ್ತೆಯ ಬದಿಯಲ್ಲೇ ಕುಕ್ಕುರು ಕೂತು ಎದ್ದ. ಮತ್ತೊಮ್ಮೆ ಕೂತು ಎದ್ದ. ಒಂದು ಚೂರೂ ನೋವಿಲ್ಲ, ಮೊದಲಿಗಿಂತ ಗಟ್ಟಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿ ತೊಡೆ ತಟ್ಟಿ ನಕ್ಕ.

ಗದಿಗೆಪ್ಪನಿಗೆ ನಗು ಬರಲಿಲ್ಲ. ಗಾಯದ ಕಲೆಯನ್ನು ತೋರಿಸು ಎಂದ. ಧೋತ್ರ ಸರಿಸಿದಾಗ ಚಿಪ್ಪಿನ ಮೇಲೆ ನುಣ್ಣಗೆ ಕೂಡಿಕೊಂಡ ಬಿಳಿಯ ಗೀಟು ಕಂಡಿತು. ಒಳ್ಳೆಯ ಕೈಯವರು ಹಾಕಿದ ಹೊಲಿಗೆ. ಒಳಗೆ ತಂತಿ ಇನ್ನೂ ಇದೆಯೇ ಎಂದು ಕೇಳಿದ. ಇದೆ, ಇದ್ದರೇನಂತೆ ಎಂದ ಧೋಂಡಿಬಾ. ಗದಿಗೆಪ್ಪ ತನಗೆ ಬಂದ ಮುರುಕು ಮರಾಠಿಯಲ್ಲಿ ವಿವರಿಸಲು ನೋಡಿದ: ಒಂದು ದಿನ, ಎಷ್ಟೋ ವರ್ಷದ ಮೇಲೆ, ಇದ್ದಕ್ಕಿದ್ದಂತೆ ಹಿಡಿದುಕೊಂಡರೆ ಯಾರಿಂದಲೂ ಮುಚ್ಚಿಡಬೇಡ, ಅವತ್ತೇ ಗಾಡಿ ಬಿಟ್ಟು ಹೋಗು, ಬಿಜೂರ್ ಡಾಕ್ಟರ್ ಎಂದು ಕೇಳು. ಧೋಂಡಿಬಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ. ಮುದುಕರ ಮಾತಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದ. ಆಮೇಲೆ ಗಾಡಿಯ ಮೂಕಿ ಎತ್ತಿ, ಎಡಗಾಲನ್ನು ನೆಲಕ್ಕೆ ಒತ್ತಿ, ಮೂಟೆಗಳ ಭಾರವನ್ನೆಲ್ಲ ಅದರ ಮೇಲೆ ಹಾಕಿ ಜಗ್ಗಿದ.

ಪರೇಲಿನ ಕಡೆಯ ಟ್ರಾಮ್ ಬರುತ್ತಿತ್ತು. ಗದಿಗೆಪ್ಪ ಸಲಾಕೆ ಹಿಡಿದು ಎದ್ದು ನಿಂತ. ಕೈಗಾಡಿ ಹಳಿ ದಾಟಿ ಆಚೆ ಹೋಗುವತನಕ ಟ್ರಾಮನ್ನು ಮುಂದೆ ಬಿಡಲಿಲ್ಲ.